ಸಿನಿಮಾ ಹಾಡುಗಳ ಮೂರು ಆಲ್ಬಮ್: ವಿಲಿಯಮ್ಸ್, ಸಿನಾತ್ರಾ, ಬೆನೆಟ್ – ಯಾರನ್ನು ಆರಿಸಿಕೊಳ್ಳುವುದು?

ಅಮೆರಿಕದ ಹಳೆಯ ಸಿನಿಮಾ ಹಾಡುಗಳನ್ನು ಒಬ್ಬನೇ ಗಾಯಕನ ದನಿಯಲ್ಲಿ ಕೂತು ಕೇಳಬೇಕು ಅನ್ನುವವರ ಮುಂದೆ ಮೂರು ಆಲ್ಬಮ್‌ಗಳು ಬಂದು ನಿಲ್ಲುತ್ತವೆ. 1962ರಲ್ಲಿ ಬಂದ ಆಂಡಿ ವಿಲಿಯಮ್ಸ್ ಅವರ ‘ಮೂನ್ ರಿವರ್ ಅಂಡ್ ಅದರ್ ಗ್ರೇಟ್ ಮೂವೀ ಥೀಮ್ಸ್’. 1964ರಲ್ಲಿ ಬಂದ ಫ್ರಾಂಕ್ ಸಿನಾತ್ರಾ ಅವರ ‘ಸಿನಾತ್ರಾ ಸಿಂಗ್ಸ್ ಡೇಸ್ ಆಫ್ ವೈನ್ ಅಂಡ್ ರೋಸಸ್, ಮೂನ್ ರಿವರ್ ಅಂಡ್ ಅದರ್ ಅಕಾಡೆಮಿ ಅವಾರ್ಡ್ ವಿನ್ನರ್ಸ್’. 1966ರಲ್ಲಿ ಬಂದ ಟೋನಿ ಬೆನೆಟ್ ಅವರ ‘ದಿ ಮೂವೀ ಸಾಂಗ್ ಆಲ್ಬಮ್’. ಮೂರರ ಹೆಸರೂ ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತದೆ. ಆದರೆ ಮೂರರಲ್ಲೂ ಇರುವ ಹಾಡು ಒಂದೂ ಇಲ್ಲ, ಮೂವರೂ ಹಾಡನ್ನು ಹಿಡಿಯುವ ರೀತಿಯೂ ಒಂದಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಬಗೆಯ ಸಂಗೀತಕ್ಕೆ ನೀವು ಹೊಸಬರಾಗಿದ್ದರೆ, ರಾಗ ಮನಸ್ಸಿನಲ್ಲಿ ಉಳಿಯಬೇಕು, ಜೊತೆಗೆ ಗುನುಗುವಂತಿರಬೇಕು ಎಂದಿದ್ದರೆ ವಿಲಿಯಮ್ಸ್. ಹಾಡಿನ ಮಾತು ಮುಖ್ಯ, ಜೊತೆಗೆ ಸ್ವಿಂಗ್ (ಜಾಜ್‌ನ ತೂಗುವ) ನಡೆಯೂ ಬೇಕು ಎಂದಿದ್ದರೆ ಸಿನಾತ್ರಾ. ಒಂದೇ ಒಂದು ಆಲ್ಬಮ್ ಕೊಂಡು ವರ್ಷಗಟ್ಟಲೆ ಕೇಳುವವರಾದರೆ ಬೆನೆಟ್. ಮೊದಲ ಸಲ ಕೇಳಿದಾಗ ಮೂರರಲ್ಲಿ ಅತಿ ಕಡಿಮೆ ಹಿಡಿಸುವುದೂ ಬೆನೆಟ್ ಅವರದೇ ಆಗಬಹುದು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇವೆ.

ಕನ್ನಡದ ಕಿವಿಗೆ ಒಂದು ಮುನ್ಸೂಚನೆ

ನಮ್ಮಲ್ಲಿ ಚಿತ್ರಗೀತೆ ಅಂದರೆ ಚಿತ್ರದಲ್ಲಿ ಕೇಳಿದ ಅದೇ ದನಿ, ಅದೇ ಮುದ್ರಣ. ಪಿ.ಬಿ. ಶ್ರೀನಿವಾಸ್ ಹಾಡಿದ ಹಾಡನ್ನು ಇನ್ನೊಬ್ಬರು ಹಾಡಿದರೆ ಅದು ಆರ್ಕೆಸ್ಟ್ರಾದ ಹಾಡಾಗುತ್ತದೆ, ಮೂಲದ ಪಕ್ಕ ಇಟ್ಟು ಅಳೆಯುತ್ತೇವೆ. 1950–60ರ ದಶಕದ ಅಮೆರಿಕದಲ್ಲಿ ಲೆಕ್ಕವೇ ಬೇರೆ ಇತ್ತು. ಚಿತ್ರದ ಶೀರ್ಷಿಕೆ ಗೀತೆ ಚಿತ್ರಕ್ಕೆ ಜಾಹೀರಾತೂ ಆಗಿತ್ತು, ಪ್ರಕಾಶಕರಿಗೆ ಆದಾಯವೂ ಆಗಿತ್ತು. ಎಷ್ಟು ಜನ ಗಾಯಕರು ಅದನ್ನು ಹಾಡಿದರೆ ಅಷ್ಟು ಲಾಭ. ‘ತ್ರೀ ಕಾಯಿನ್ಸ್ ಇನ್ ದ ಫೌಂಟನ್’ ಹಾಡನ್ನೇ ನೋಡಿ: 1954ರ ಚಿತ್ರದ ಆರಂಭದಲ್ಲಿ ಕೇಳುವುದು ಸಿನಾತ್ರಾ ದನಿ, ಆದರೆ ಅಮೆರಿಕದಲ್ಲಿ ಅದನ್ನು ಒಂದನೇ ಸ್ಥಾನಕ್ಕೆ ಒಯ್ದದ್ದು ‘ಫೋರ್ ಏಸಸ್’ ತಂಡ. ಆದ್ದರಿಂದ ಈ ಆಲ್ಬಮ್‌ಗಳನ್ನು ‘ಮೂಲ’ ಹುಡುಕುತ್ತಾ ಕೇಳಿದರೆ ನಿರಾಸೆ ಖಂಡಿತ. ಇವು ಗಾಯಕರ ಆಲ್ಬಮ್‌ಗಳು. ಚಿತ್ರ ಇಲ್ಲಿ ನೆಪ ಮಾತ್ರ. ಹಾಡನ್ನು ಈ ಗಾಯಕ ಏನು ಮಾಡಿದ ಅನ್ನುವುದೇ ಕೇಳಬೇಕಾದ ವಿಷಯ.

ಇನ್ನೊಂದು ಅಂಶವೂ ಗೊತ್ತಿರಲಿ. ಇವುಗಳಲ್ಲಿ ಕೆಲವು ಹಾಡುಗಳು ಹಾಡಾಗಿ ಹುಟ್ಟಿದವಲ್ಲ. ‘ಎ ಸಮರ್ ಪ್ಲೇಸ್’, ‘ಎಕ್ಸೋಡಸ್’ ಮೊದಲು ವಾದ್ಯಗೋಷ್ಠಿಗೆಂದೇ ಬರೆದ ಹಿನ್ನೆಲೆ ಸಂಗೀತ, ಸಾಹಿತ್ಯ ಆಮೇಲೆ ಬಂತು. ವಾದ್ಯಕ್ಕೆ ಉಸಿರಿನ ಚಿಂತೆಯಿಲ್ಲ. ಸ್ವರಗಳು ದೂರ ದೂರ ಜಿಗಿಯುತ್ತವೆ, ಕೊನೆಯ ಸ್ವರ ಉದ್ದಕ್ಕೆ ನಿಲ್ಲುತ್ತದೆ. ಅಂಥ ಹಾಡನ್ನು ಮನುಷ್ಯನ ಗಂಟಲಿಗೆ ಒಗ್ಗಿಸುವುದು ಬೇರೆಯದೇ ಕಸುಬು. ‘ಮೂನ್ ರಿವರ್’ ಇದಕ್ಕೆ ತದ್ವಿರುದ್ಧ. 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಚಿತ್ರದಲ್ಲಿ ಆಡ್ರೆ ಹೆಪ್‌ಬರ್ನ್ ತಾವೇ ಹಾಡಬೇಕಿತ್ತು. ಅವರು ಕಸುಬಿನ ಗಾಯಕಿಯಲ್ಲ. ಹಾಗಾಗಿ ಸಂಗೀತ ಸಂಯೋಜಕ ಹೆನ್ರಿ ಮ್ಯಾನ್ಸಿನಿ ಇಡೀ ರಾಗವನ್ನು ಒಂದು ಸ್ಥಾಯಿಗಿಂತ ಒಂದೇ ಸ್ವರ ಹೆಚ್ಚಿನ ವ್ಯಾಪ್ತಿಯೊಳಗೆ ಹೆಣೆದರು. ಮೂರು ಎಣಿಕೆಯ ತಾಳ, ಜಾನಿ ಮರ್ಸರ್ ಬರೆದ ಸರಳ ಮಾತು. ಮನೆಯಲ್ಲಿ ಯಾರು ಬೇಕಾದರೂ ಹಾಡಬಹುದಾದ ಹಾಡು ಇದು. ಹಾಡು ಸುಲಭವಾದ್ದರಿಂದಲೇ ಗಾಯಕನ ಗುಣ ಇಲ್ಲಿ ಬಯಲಾಗುತ್ತದೆ, ಕಸರತ್ತಿನ ಹಿಂದೆ ಅಡಗಲು ಜಾಗವಿಲ್ಲ.

ಆಂಡಿ ವಿಲಿಯಮ್ಸ್, 1962

ವಿಲಿಯಮ್ಸ್ 1961ರಲ್ಲಿ ಕೊಲಂಬಿಯಾ ಕಂಪನಿ ಸೇರಿದರು. ಮರುವರ್ಷವೇ ಈ ಆಲ್ಬಮ್ ಬಂತು. ವಾದ್ಯ ಸಂಯೋಜನೆ, ನಿರ್ಮಾಣ ಎರಡೂ ರಾಬರ್ಟ್ ಮರ್ಸಿ ಅವರದು. 1962ರ ಏಪ್ರಿಲ್‌ನ ಆಸ್ಕರ್ ಸಮಾರಂಭದಲ್ಲಿ ವಿಲಿಯಮ್ಸ್ ವೇದಿಕೆಯ ಮೇಲೆ ‘ಮೂನ್ ರಿವರ್’ ಹಾಡಿದರು, ಅದೇ ರಾತ್ರಿ ಹಾಡಿಗೆ ಪ್ರಶಸ್ತಿಯೂ ಬಂತು. ಆಲ್ಬಮ್ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯತೆಯ ಪಟ್ಟಿಯಲ್ಲಿ ಮೂರನೇ ಸ್ಥಾನದವರೆಗೆ ಏರಿ, ಮೂರು ವರ್ಷಕ್ಕೂ ಮೀರಿ ಪಟ್ಟಿಯಲ್ಲೇ ಉಳಿಯಿತು. ಸೋಜಿಗವೆಂದರೆ ವಿಲಿಯಮ್ಸ್ ಹೆಸರಿಗೆ ಅಂಟಿಕೊಂಡ ಈ ಹಾಡು ಆಗ ಅವರ ಸಿಂಗಲ್ (ಬಿಡಿ ಹಾಡಿನ ಚಿಕ್ಕ ತಟ್ಟೆ) ಆಗಿ ಹೊರಬರಲೇ ಇಲ್ಲ. ಹಾಡು ಬೇಕೆಂದವರು ಇಡೀ ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆ, ಕೊಳ್ಳಬೇಕಿತ್ತು, ಕೊಂಡರು.

ಹನ್ನೆರಡು ಹಾಡು, ತಟ್ಟೆಯ ಪುಟಕ್ಕೆ (ಬದಿಗೆ) ಆರು. ಮೊದಲ ಪುಟದಲ್ಲಿ ‘ಲವ್ ಈಸ್ ಎ ಮೆನಿ-ಸ್ಪ್ಲೆಂಡರ್ಡ್ ಥಿಂಗ್’, ‘ಎ ಸಮರ್ ಪ್ಲೇಸ್’, ‘ಮರಿಯಾ’, ‘ನೆವರ್ ಆನ್ ಸಂಡೇ’, ‘ಆ್ಯಸ್ ಟೈಮ್ ಗೋಸ್ ಬೈ’, ‘ಎಕ್ಸೋಡಸ್’. ಎರಡನೆಯದರಲ್ಲಿ ‘ಮೂನ್ ರಿವರ್’, ‘ಟುನೈಟ್’, ‘ದಿ ಸೆಕೆಂಡ್ ಟೈಮ್ ಅರೌಂಡ್’, ‘ಟೆಂಡರ್ ಈಸ್ ದ ನೈಟ್’, ‘ಇಟ್ ಮೈಟ್ ಆ್ಯಸ್ ವೆಲ್ ಬಿ ಸ್ಪ್ರಿಂಗ್’, ‘ತ್ರೀ ಕಾಯಿನ್ಸ್’. ಇವುಗಳಲ್ಲಿ ಐದು ಆಸ್ಕರ್ ಗೆದ್ದ ಹಾಡುಗಳು. ‘ಮರಿಯಾ’, ‘ಟುನೈಟ್’ ನಿಜಕ್ಕೆ ರಂಗದಿಂದ ಬಂದವು. ‘ವೆಸ್ಟ್ ಸೈಡ್ ಸ್ಟೋರಿ’ 1957ರಲ್ಲೇ ನಾಟಕವಾಗಿ ಆಡಿತ್ತು, ಚಿತ್ರವಾದದ್ದು 1961ರಲ್ಲಿ.

ವಿಲಿಯಮ್ಸ್ ದನಿ ನುಣುಪಾದ ಟೆನರ್, ಅಂದರೆ ಗಂಡಸಿನ ಏರು ದನಿ. ಸಂಯೋಜಕ ಬರೆದ ಸ್ವರವನ್ನು ಅವರು ಅಲುಗಿಸುವುದಿಲ್ಲ. ಉಸಿರನ್ನು ಸಾಲಿನ ಕೊನೆಯವರೆಗೆ ಎಳೆದು, ದೀರ್ಘ ಸ್ವರದಲ್ಲಿ ನಿಧಾನಕ್ಕೆ ಕಂಪನ ತರುತ್ತಾರೆ. ಪಿ.ಬಿ. ಶ್ರೀನಿವಾಸ್ ಅವರ ಮೃದು ಶಾರೀರಕ್ಕೆ ಒಗ್ಗಿದ ಕಿವಿಗೆ ಇದು ಕೂಡಲೇ ತನ್ನದೆನಿಸುತ್ತದೆ. ಹಾಡು ಕಲಿಯುವವರಿಗೆ ಮೂರರಲ್ಲಿ ಇದೇ ಸರಿಯಾದ ಪಾಠ. ಸ್ವರ ಪುಸ್ತಕದಲ್ಲಿರುವಂತೆಯೇ ಇದೆ, ಪದ ಒಡೆಯುವ ಜಾಗವೂ ನೇರವಾಗಿದೆ.

ಕೊರತೆ ಎಲ್ಲಿ? ಹನ್ನೆರಡು ಹಾಡನ್ನು ಒಂದೇ ಸಮ ಕೇಳಿದರೆ ಹೆಚ್ಚಿನವು ಒಂದೇ ವೇಗದಲ್ಲಿ ಸಾಗುತ್ತವೆ, ವಯೊಲಿನ್‌ಗಳೂ ಹಿನ್ನೆಲೆ ಕೋರಸ್ಸೂ ಎಲ್ಲಕ್ಕೂ ಒಂದೇ ಬಣ್ಣ ಬಳಿಯುತ್ತವೆ. ‘ಆ್ಯಸ್ ಟೈಮ್ ಗೋಸ್ ಬೈ’ಯಂಥ ಹಾಡಿಗೆ ಇದು ತೀರ ಸಿಹಿಯಾಯಿತು. ಆ ಹಾಡಿಗೆ ತುಸು ಒಗರು ಬೇಕು. ‘ಎಕ್ಸೋಡಸ್’ನಲ್ಲಿ ಮಾತ್ರ ವಿಲಿಯಮ್ಸ್ ತಮ್ಮ ಪೂರ್ತಿ ಶಕ್ತಿ ತೋರಿಸುತ್ತಾರೆ. ವಾದ್ಯದ ರಾಗವನ್ನು ಗಂಟಲಿಗೆ ತರುವುದು ಹೇಗೆ ಎಂದು ತಿಳಿಯಬೇಕಿದ್ದರೆ ಅದನ್ನೇ ಎರಡು ಸಲ ಕೇಳಿ.

ಫ್ರಾಂಕ್ ಸಿನಾತ್ರಾ, 1964

ಇದು ಸಿನಾತ್ರಾ ತಾವೇ ಕಟ್ಟಿದ ಕಂಪನಿ ರಿಪ್ರೈಸ್‌ನಿಂದ ಬಂದದ್ದು. ವಾದ್ಯ ಸಂಯೋಜನೆ ನೆಲ್ಸನ್ ರಿಡಲ್ ಅವರದು. ಹನ್ನೊಂದೂ ಆಸ್ಕರ್ ಗೆದ್ದ ಹಾಡುಗಳೇ. ಅತ್ಯುತ್ತಮ ಹಾಡಿಗೆ ಆಸ್ಕರ್ ಕೊಡಲು ಶುರುಮಾಡಿದ್ದು 1934ರ ಚಿತ್ರಗಳಿಂದ. ಆ ಮೊದಲ ಪ್ರಶಸ್ತಿ ಪಡೆದ ‘ದಿ ಕಾಂಟಿನೆಂಟಲ್’ನಿಂದ ಹಿಡಿದು 1962ರ ‘ಡೇಸ್ ಆಫ್ ವೈನ್ ಅಂಡ್ ರೋಸಸ್’ವರೆಗೆ ಇಲ್ಲಿದೆ. ಹಾಗಾಗಿ ಅಮೆರಿಕದ ಸಿನಿಮಾ ಹಾಡಿನ ಇತಿಹಾಸವನ್ನು ಒಂದು ತಟ್ಟೆಯಲ್ಲಿ ಬಯಸುವವರಿಗೆ ಮೂರರಲ್ಲಿ ಇದೇ ಹೆಚ್ಚು ಉಪಯೋಗ. ಬೇರೆ ಇಬ್ಬರೂ ಮುಟ್ಟದ ‘ದಿ ವೇ ಯು ಲುಕ್ ಟುನೈಟ್’ (1936ರ ‘ಸ್ವಿಂಗ್ ಟೈಮ್’), ಬಿಂಗ್ ಕ್ರಾಸ್ಬಿ ಹಾಡಿದ್ದ ‘ಸ್ವಿಂಗಿಂಗ್ ಆನ್ ಎ ಸ್ಟಾರ್’ (1944), ಡೋರಿಸ್ ಡೇ ಅವರ ‘ಸೀಕ್ರೆಟ್ ಲವ್’ (1953) ಎಲ್ಲ ಸಿಗುತ್ತವೆ.

ಆಲ್ಬಮ್‌ನ ಜೀವ ‘ದಿ ವೇ ಯು ಲುಕ್ ಟುನೈಟ್’. ರಿಡಲ್ ಅವರ ವಾದ್ಯಗಳು ಎಲ್ಲಿಯೂ ಗಾಯಕನ ಮೇಲೆ ಬೀಳುವುದಿಲ್ಲ. ಸಾಲು ಮುಗಿದ ತುಣುಕು ಬಿಡುವಿನಲ್ಲಿ ಬಂದು ಉತ್ತರ ಕೊಟ್ಟು ಹಿಂದೆ ಸರಿಯುತ್ತವೆ. ಸಿನಾತ್ರಾ ಮಾತನ್ನು ಮಾತಿನಂತೆಯೇ ಆಡುತ್ತಾರೆ, ಸಂಭಾಷಣೆಯಲ್ಲಿ ಎಲ್ಲಿ ನಿಲ್ಲುತ್ತೇವೋ ಅಲ್ಲೇ ನಿಲ್ಲುತ್ತಾರೆ. ಇಂಗ್ಲಿಷ್ ಸಾಹಿತ್ಯದ ಅರ್ಥ ಹಿಡಿಯಲು ಕಷ್ಟಪಡುವವರಿಗೆ ಮೂವರಲ್ಲಿ ಇವರ ಉಚ್ಚಾರವೇ ಸ್ಪಷ್ಟ.

ಆದರೂ ಇದನ್ನು ಮೊದಲ ಆಯ್ಕೆ ಎನ್ನಲು ನಮಗೆ ಮನಸ್ಸಿಲ್ಲ. ‘ಪ್ರಶಸ್ತಿ ಗೆದ್ದಿದೆ’ ಎಂಬುದೊಂದೇ ಅಳತೆಗೋಲು ಆದಾಗ ಗಾಯಕನಿಗೆ ಹೊಂದುವ ಹಾಡಿನ ಜೊತೆ ಹೊಂದದ ಹಾಡೂ ಬರುತ್ತದೆ. ‘ಮೂನ್ ರಿವರ್’ ಇಲ್ಲಿ ಚೆನ್ನಾಗಿಯೇ ಇದೆ, ಆದರೆ ಆ ಹಾಡಿನ ಮುಗ್ಧತೆ ಲೋಕ ಕಂಡ ಸಿನಾತ್ರಾ ದನಿಯಲ್ಲಿ ಪೂರ್ತಿ ನಂಬಿಕೆ ಹುಟ್ಟಿಸುವುದಿಲ್ಲ. ‘ಆಲ್ ದ ವೇ’, ‘ತ್ರೀ ಕಾಯಿನ್ಸ್’ ಎರಡೂ ಸಿನಾತ್ರಾ ಹಿಂದೆಯೇ ಕ್ಯಾಪಿಟಲ್ ಕಂಪನಿಗೆ ಹಾಡಿದ್ದವು. 1957ರ ಕ್ಯಾಪಿಟಲ್ ‘ಆಲ್ ದ ವೇ’ ಕೇಳಿ ಮೆಚ್ಚಿದವರು ಈ ಆಲ್ಬಮ್‌ನಲ್ಲಿ ಅದೇ ಇದೆ ಎಂದುಕೊಂಡು ಕೊಂಡರೆ ಮೋಸಹೋದಂತೆ ಅನ್ನಿಸುತ್ತದೆ. ಇಲ್ಲಿರುವುದು ರಿಪ್ರೈಸ್‌ಗಾಗಿ ಮತ್ತೆ ಹಾಡಿದ್ದು. ಸ್ಟ್ರೀಮಿಂಗ್‌ನಲ್ಲಿ ಹಾಡಿನ ಹೆಸರು ಹಾಕಿ ಹುಡುಕಿದರೆ ಎರಡೂ ಒಟ್ಟಿಗೆ ಬರುತ್ತವೆ. ಹಾಡಿನ ಕೆಳಗಿನ ಆಲ್ಬಮ್ ಹೆಸರು, ಕಂಪನಿ ನೋಡಿಯೇ ಒತ್ತಿ.

ಟೋನಿ ಬೆನೆಟ್, 1966

ಬೇರೆ ಇಬ್ಬರು ಹೆಚ್ಚಾಗಿ ಆಗಲೇ ಹೆಸರು ಮಾಡಿದ ಹಾಡುಗಳನ್ನು ಆರಿಸಿದರು. ಬೆನೆಟ್ ಆರಿಸಿದ ಹನ್ನೆರಡರಲ್ಲಿ ಆಸ್ಕರ್ ಪಡೆದವು ಎರಡೇ: ‘ಡೇಸ್ ಆಫ್ ವೈನ್ ಅಂಡ್ ರೋಸಸ್’ ಮತ್ತು ‘ದಿ ಸ್ಯಾಂಡ್‌ಪೈಪರ್’ ಚಿತ್ರದ ‘ದಿ ಶ್ಯಾಡೋ ಆಫ್ ಯುವರ್ ಸ್ಮೈಲ್’. ಏಳು ಹಾಡುಗಳು 1964ರಿಂದ 1966ರ ನಡುವಿನ ಚಿತ್ರಗಳವು, ಅಂದರೆ ಆಗ ಹೊಚ್ಚ ಹೊಸವು. ಕೆಲವು ಚಿತ್ರಗಳು ಮರೆತೇ ಹೋಗಿವೆ. ಮೊದಲ ಹಾಡು ‘ಮೇಬಿ ಸೆಪ್ಟೆಂಬರ್’ ಬಂದದ್ದು ಬೆನೆಟ್ ತಾವೇ ನಟಿಸಿದ ‘ದಿ ಆಸ್ಕರ್’ ಚಿತ್ರದಿಂದ. ಆ ಚಿತ್ರ ಸೋತಿತು, ಹಾಡು ಉಳಿಯಿತು.

ಆಲ್ಬಮ್‌ನ ಸಂಗೀತ ನಿರ್ದೇಶನ ಜಾನಿ ಮ್ಯಾಂಡೆಲ್ ಅವರದು. ‘ಎಮಿಲಿ’, ‘ದಿ ಶ್ಯಾಡೋ ಆಫ್ ಯುವರ್ ಸ್ಮೈಲ್’ ಎರಡರ ರಾಗವೂ ಅವರದೇ. ಅಷ್ಟಕ್ಕೇ ನಿಲ್ಲುವುದಿಲ್ಲ. ‘ಗರ್ಲ್ ಟಾಕ್’ಗೆ ಅದರ ಸಂಯೋಜಕ ನೀಲ್ ಹೆಫ್ಟಿ, ‘ದಿ ಪಾನ್‌ಬ್ರೋಕರ್’ಗೆ ಅದರ ಸಂಯೋಜಕ ಕ್ವಿನ್ಸಿ ಜೋನ್ಸ್ ಬಂದಿದ್ದಾರೆ. ‘ದಿ ಜೆಂಟಲ್ ರೇನ್’ ಮತ್ತು ‘ಸಾಂಬಾ ದಿ ಓರ್ಫೆಯು’ ಹಾಡುಗಳಲ್ಲಿ ಗಿಟಾರ್ ನುಡಿಸಿರುವುದು ಅವನ್ನು ಕಟ್ಟಿದ ಬ್ರೆಜಿಲ್‌ನ ಲೂಯಿಸ್ ಬೊನ್ಫಾ. ರಾಗ ಕಟ್ಟಿದವರೇ ಸ್ಟುಡಿಯೋದಲ್ಲಿ ನಿಂತು ಹಾಡಿಸಿದ ಹಾಡುಗಳಿವು. ಇದಕ್ಕೇ ಹಾಡಿನಿಂದ ಹಾಡಿಗೆ ಬಣ್ಣ ಬದಲಾಗುತ್ತದೆ. ಬ್ರೆಜಿಲ್‌ನ ಬೊಸಾ ನೋವಾ ಶೈಲಿಯ ತೂಗು, ವಾಲ್ಟ್ಸ್‌ನ ಮೂರೆಣಿಕೆ, ಜಾಜ್ ವಾದ್ಯಗೋಷ್ಠಿ, ಕೊನೆಗೆ 1944ರಲ್ಲಿ ಜೂಡಿ ಗಾರ್ಲಂಡ್ ಹಾಡಿದ್ದ ‘ದಿ ಟ್ರಾಲಿ ಸಾಂಗ್’.

ಮೊದಲ ಸಲ ಹಿಡಿಸದಿರಲು ಕಾರಣ ಎರಡು. ಒಂದು, ಬೆನೆಟ್ ದನಿಯಲ್ಲಿ ಮರಳಿನ ಕಣದಂಥ ಒರಟಿದೆ, ಏರು ಸ್ವರದಲ್ಲಿ ಅದು ಎದ್ದು ಕಾಣುತ್ತದೆ. ಎರಡು, ತಾಳದ ಪೆಟ್ಟಿಗೆ ಅವರು ಸರಿಯಾಗಿ ಸಿಗುವುದಿಲ್ಲ. ತುಸು ಹಿಂದೆ ನಿಂತು, ಆಮೇಲೆ ಪದಗಳನ್ನು ಒತ್ತೊತ್ತಾಗಿ ತುಂಬಿ ಸಮಕ್ಕೆ ಬಂದು ಸೇರುತ್ತಾರೆ. ವಿಲಿಯಮ್ಸ್ ಕೇಳಿದ ಕೂಡಲೇ ಇವರನ್ನು ಕೇಳಿದರೆ ಏನೋ ತಪ್ಪಿದಂತೆ ಅನಿಸುವುದು ಸಹಜ. ಮೂರು ನಾಲ್ಕು ಸಲ ಕೇಳಿದ ಮೇಲೆ ಆ ಒರಟೇ ಹಾಡಿನ ಸತ್ಯ ಅನ್ನಿಸತೊಡಗುತ್ತದೆ. ‘ದಿ ಪಾನ್‌ಬ್ರೋಕರ್’ನಂಥ ಕಠಿಣ ಚಿತ್ರದ ಹಾಡನ್ನು ನುಣುಪು ದನಿಯಲ್ಲಿ ಊಹಿಸಿಕೊಳ್ಳಲೂ ಆಗದು. ನಾವು ಬೆನೆಟ್ ಪರ ನಿಲ್ಲುವುದು ಇದಕ್ಕೇ.

ಜೋಡಿ ಹಾಡುಗಳಿಂದ ಪರೀಕ್ಷೆ

ಹಣ ಕೊಡುವ ಮೊದಲು ಹದಿನೈದು ನಿಮಿಷ ಕೊಡಿ. ಒಂದೇ ಹಾಡನ್ನು ಇಬ್ಬರು ಹಾಡಿರುವಲ್ಲಿ ಅಕ್ಕಪಕ್ಕ ಕೇಳಿದರೆ ನಿಮ್ಮ ಒಲವು ನಿಮಗೇ ಗೊತ್ತಾಗುತ್ತದೆ. ಒಂದು ಎಚ್ಚರ: ಎರಡು ಮುದ್ರಣಗಳಲ್ಲಿ ಯಾವುದು ತುಸು ಜೋರಾಗಿ ಕೇಳುತ್ತದೋ ಅದೇ ಚೆನ್ನಾಗಿದೆ ಎಂದು ಕಿವಿ ತೀರ್ಮಾನಿಸಿಬಿಡುತ್ತದೆ. ಆಪ್‌ನ ಸೆಟ್ಟಿಂಗ್‌ನಲ್ಲಿ ಧ್ವನಿ ಮಟ್ಟ ಸಮಗೊಳಿಸುವ ಆಯ್ಕೆಯನ್ನು ಹಾಕಿಕೊಂಡೇ ಹೋಲಿಸಿ.

ಮೊದಲ ಜೋಡಿ ‘ದಿ ಸೆಕೆಂಡ್ ಟೈಮ್ ಅರೌಂಡ್’, ವಿಲಿಯಮ್ಸ್ ಎದುರು ಬೆನೆಟ್. 1960ರ ‘ಹೈ ಟೈಮ್’ ಚಿತ್ರಕ್ಕೆ ಜಿಮ್ಮಿ ವಾನ್ ಹ್ಯೂಸನ್ ರಾಗ, ಸ್ಯಾಮಿ ಕಾನ್ ಸಾಹಿತ್ಯ. ಬದುಕಿನಲ್ಲಿ ಎರಡನೇ ಸಲ ಒದಗಿಬಂದ ಪ್ರೀತಿಯ ಹಾಡು ಇದು, ಪೆಟ್ಟು ತಿಂದ ಮೇಲಿನ ನೆಮ್ಮದಿ. ವಿಲಿಯಮ್ಸ್‌ನಲ್ಲಿ ನೆಮ್ಮದಿ ಕೇಳುತ್ತದೆ, ಬೆನೆಟ್‌ನಲ್ಲಿ ಪೆಟ್ಟೂ ಕೇಳುತ್ತದೆ. ಯಾವುದು ನಿಮಗೆ ಬೇಕೋ ಅದೇ ನಿಮ್ಮ ಆಲ್ಬಮ್.

ಎರಡನೆಯದು ‘ಡೇಸ್ ಆಫ್ ವೈನ್ ಅಂಡ್ ರೋಸಸ್’, ಸಿನಾತ್ರಾ ಎದುರು ಬೆನೆಟ್. ಕುಡಿತದಿಂದ ಹಾಳಾಗುವ ದಂಪತಿಯ ಕಥೆಯಿರುವ ಚಿತ್ರ. ಮರ್ಸರ್ ಬರೆದ ಸಾಹಿತ್ಯದಲ್ಲಿ ಇರುವುದು ಎರಡೇ ವಾಕ್ಯ, ಒಂದೊಂದು ವಾಕ್ಯ ಹಾಡಿನ ಅರ್ಧದಷ್ಟು ಉದ್ದ. ಉಸಿರು ಎಲ್ಲಿ ತೆಗೆದುಕೊಂಡರೂ ವಾಕ್ಯ ಮುರಿಯುತ್ತದೆ. ಸಿನಾತ್ರಾ ಹಗುರ ಸ್ವಿಂಗ್ ನಡೆಯಲ್ಲಿ, ಉಸಿರು ತೆಗೆದದ್ದೇ ಗೊತ್ತಾಗದಂತೆ ವಾಕ್ಯವನ್ನು ದಾಟಿಸುತ್ತಾರೆ. ಟಾಮಿ ಡಾರ್ಸಿ ವಾದ್ಯವೃಂದದಲ್ಲಿದ್ದಾಗ ಡಾರ್ಸಿ ಟ್ರೊಂಬೋನ್ ಊದುವುದನ್ನು ನೋಡಿ ಕಲಿತ ವಿದ್ಯೆ ಅದು. ಬೆನೆಟ್ ಮುಖ್ಯ ಪದಗಳ ಮೇಲೆ ಭಾರ ಹಾಕುತ್ತಾ ಹೋಗುತ್ತಾರೆ. ಕಸುಬಿನಲ್ಲಿ ಇಲ್ಲಿ ಸಿನಾತ್ರಾ ಒಂದು ಕೈ ಮೇಲು.

ಮೂರನೆಯದು ‘ಮೂನ್ ರಿವರ್’, ವಿಲಿಯಮ್ಸ್ ಎದುರು ಸಿನಾತ್ರಾ. ಇಲ್ಲಿ ಹೆಚ್ಚು ಮಾತು ಬೇಕಿಲ್ಲ, ವಿಲಿಯಮ್ಸ್ ಗೆಲ್ಲುತ್ತಾರೆ. ‘ಇಟ್ ಮೈಟ್ ಆ್ಯಸ್ ವೆಲ್ ಬಿ ಸ್ಪ್ರಿಂಗ್’, ‘ಲವ್ ಈಸ್ ಎ ಮೆನಿ-ಸ್ಪ್ಲೆಂಡರ್ಡ್ ಥಿಂಗ್’, ‘ತ್ರೀ ಕಾಯಿನ್ಸ್’ ಕೂಡ ಇವರಿಬ್ಬರಿಗೆ ಸಮಾನ. ಸಮಯವಿದ್ದರೆ ಅವನ್ನೂ ಕೇಳಿ.

ತಟ್ಟೆಯೋ, ಡಿಜಿಟಲ್ಲೋ

ಡಿಜಿಟಲ್‌ನಲ್ಲಿ ತೊಂದರೆ ಹೆಚ್ಚಾಗಿ ಬರುವುದು ವಿಲಿಯಮ್ಸ್ ಆಲ್ಬಮ್‌ಗೆ. ಯುರೋಪಿನಲ್ಲಿ ಧ್ವನಿಮುದ್ರಣಗಳ ಹಕ್ಕಿನ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿದ್ದು 2013ರ ನವೆಂಬರ್‌ನಿಂದ ಜಾರಿಗೆ ಬಂತು. 1962ರಲ್ಲಿ ಬಿಡುಗಡೆಯಾದವುಗಳ ಹಕ್ಕು 2012ರ ಕೊನೆಗೇ ಮುಗಿದಿತ್ತು, ಮುಗಿದದ್ದಕ್ಕೆ ಹೊಸ ನಿಯಮ ತಾಗಲಿಲ್ಲ. ಹಾಗಾಗಿ ಅಲ್ಲಿ ಯಾರು ಬೇಕಾದರೂ ಆ ಮುದ್ರಣವನ್ನು ಮತ್ತೆ ಹೊರತರಬಹುದು. ಆದರೆ ಮೂಲ ಟೇಪ್ ಇರುವುದು ಕೊಲಂಬಿಯಾದ ಈಗಿನ ಒಡೆಯ ಸೋನಿ ಬಳಿ. ಮಿಕ್ಕವರು ಹಳೆಯ ಎಲ್‌ಪಿಯಿಂದಲೋ ಸಿಡಿಯಿಂದಲೋ ನಕಲು ಮಾಡಿ, ಗರಗರ ತೆಗೆಯಲು ಸಾಫ್ಟ್‌ವೇರ್ ಓಡಿಸಿರುತ್ತಾರೆ. ಆ ಶುದ್ಧೀಕರಣದಲ್ಲಿ ವಯೊಲಿನ್‌ಗಳ ಮೇಲಿನ ಹೊಳಪೂ ವಿಲಿಯಮ್ಸ್ ದನಿಯ ಸುತ್ತಲಿನ ಅನುರಣನವೂ ಸವೆದುಹೋಗುತ್ತವೆ, ದನಿ ನೀರೊಳಗಿಂದ ಬಂದಂತಾಗುತ್ತದೆ. ಗುರುತಿಸುವುದು ಹೀಗೆ: ಆಲ್ಬಮ್ ಪುಟದ ಕೆಳಗಿನ ಹಕ್ಕುಸ್ವಾಮ್ಯದ ಸಾಲಿನಲ್ಲಿ ಸೋನಿ ಅಥವಾ ಕೊಲಂಬಿಯಾ ಹೆಸರಿರಬೇಕು, ಹಾಡುಗಳು ಹನ್ನೆರಡೇ ಇರಬೇಕು, ಮೇಲೆ ಹೇಳಿದ ಕ್ರಮದಲ್ಲೇ ಇರಬೇಕು. ನಲವತ್ತು ಐವತ್ತು ಹಾಡು ತುರುಕಿದ ಸಂಕಲನ ಕಂಡರೆ ಮುಂದೆ ಹೋಗಿ. 1964 ಮತ್ತು 1966ರ ಆಲ್ಬಮ್‌ಗಳಿಗೆ ಯುರೋಪಿನಲ್ಲಿ ಇನ್ನೂ ಹಕ್ಕಿದೆ, ಆದ್ದರಿಂದ ಇಂಥ ನಕಲುಗಳ ಕಾಟ ಅಲ್ಲಿ ಕಡಿಮೆ.

ಹಳೆಯ ತಟ್ಟೆ ಕೊಳ್ಳುವವರು ನಂಬರ್ ನೋಡಬೇಕು. ಕೊಲಂಬಿಯಾದಲ್ಲಿ ‘ಸಿಎಲ್’ ಅಂದರೆ ಮೋನೋ (ಎಲ್ಲ ಧ್ವನಿಯೂ ಒಂದೇ ಚಾನೆಲ್‌ನಲ್ಲಿ), ‘ಸಿಎಸ್’ ಅಂದರೆ ಸ್ಟೀರಿಯೋ (ಎಡ, ಬಲ ಎರಡು ಚಾನೆಲ್). ವಿಲಿಯಮ್ಸ್ ಆಲ್ಬಮ್ ಸಿಎಲ್ 1809 ಮತ್ತು ಸಿಎಸ್ 8609. ಬೆನೆಟ್‌ದು ಸಿಎಲ್ 2472 ಮತ್ತು ಸಿಎಸ್ 9272. ರಿಪ್ರೈಸ್‌ನಲ್ಲಿ ‘ಎಫ್’ ಮೋನೋ, ‘ಎಫ್‌ಎಸ್’ ಸ್ಟೀರಿಯೋ. ಸಿನಾತ್ರಾ ಆಲ್ಬಮ್ 1011. ಯಾವುದು ಮೇಲು? ಎರಡು ಸ್ಪೀಕರ್ ದೂರ ದೂರ ಇಟ್ಟು ಕೇಳುವವರಿಗೆ ಸ್ಟೀರಿಯೋ. ಒಂದೇ ಸ್ಪೀಕರ್ ಇದ್ದವರಿಗೆ ಮೋನೋ. ಆ ಕಾಲದ ಸ್ಟೀರಿಯೋ ಮಿಶ್ರಣದಲ್ಲಿ ವಾದ್ಯಗಳನ್ನು ತೀರಾ ಎಡಕ್ಕೂ ತೀರಾ ಬಲಕ್ಕೂ ಹಂಚುವ ಅಭ್ಯಾಸವಿತ್ತು, ಹೆಡ್‌ಫೋನ್‌ನಲ್ಲಿ ಅದು ಕಿವಿಗೆ ಎಳೆದಾಡಿದಂತಾಗುತ್ತದೆ.

ಮೋನೋ ತಟ್ಟೆ ಕೊಂಡರೆ ಆಂಪ್ಲಿಫೈಯರ್‌ನ ಮೋನೋ ಗುಂಡಿ ಒತ್ತಿ. ಮೋನೋ ಗೀರಿನಲ್ಲಿ, ಅಂದರೆ ಮುಳ್ಳು ಓಡುವ ಸಾಲಿನಲ್ಲಿ, ಸಂಗೀತ ಇರುವುದು ಅಡ್ಡ ಚಲನೆಯಲ್ಲಿ ಮಾತ್ರ. ಮುಳ್ಳು ಮೇಲೆ ಕೆಳಗೆ ಕುಣಿದದ್ದೆಲ್ಲ ಕಸ, ಗದ್ದಲ. ಎರಡೂ ಚಾನೆಲ್ ಕೂಡಿಸಿದಾಗ ಆ ಮೇಲೆ-ಕೆಳಗಿನ ಗದ್ದಲ ಒಂದನ್ನೊಂದು ಹೊಡೆದುಹಾಕುತ್ತದೆ. ಮೆಲುದನಿಯ ಹಾಡುಗಳೇ ತುಂಬಿರುವ ವಿಲಿಯಮ್ಸ್ ತಟ್ಟೆಯಲ್ಲಿ ಈ ಒಂದು ಗುಂಡಿಯಿಂದ ಆಗುವ ವ್ಯತ್ಯಾಸ ದೊಡ್ಡದು.

ಹಾಡು ತಟ್ಟೆಯ ಯಾವ ಭಾಗದಲ್ಲಿದೆ ಎನ್ನುವುದೂ ಮುಖ್ಯ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೀರು ಹಾದುಹೋಗುತ್ತದೆ, ಒಳ ಅಂಚಿನಲ್ಲಿ 21 ಸೆಂ.ಮೀ. ಮಾತ್ರ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುಂಬಬೇಕಾದ್ದರಿಂದ ಒಳಗಿನ ಹಾಡುಗಳಲ್ಲಿ ‘ಸ’, ‘ಶ’ ಒಡೆಯುತ್ತವೆ, ಜೋರಿನ ಸ್ವರ ಕರಕರ ಎನ್ನುತ್ತದೆ. ‘ಮೂನ್ ರಿವರ್’ ಎರಡನೇ ಪುಟದ ಮೊದಲ ಹಾಡು, ಒಳ್ಳೆಯ ಜಾಗ. ಆದರೆ ಹಳೆಯ ಪ್ರತಿಗಳಲ್ಲಿ ಅತಿ ಹೆಚ್ಚು ಸವೆದಿರುವ ಸಾಧ್ಯತೆಯೂ ಅದಕ್ಕೇ, ಅದೊಂದನ್ನೇ ಹಾಕಿ ಮುಳ್ಳು ಎತ್ತಿದವರು ಬಹಳ. ‘ಎಕ್ಸೋಡಸ್’ ಮೊದಲ ಪುಟದ ಕೊನೆಯ ಹಾಡು. ಇಡೀ ತಟ್ಟೆಯ ಅತಿ ಜೋರಿನ ಹಾಡು ಅತಿ ಇಕ್ಕಟ್ಟಿನ ಜಾಗದಲ್ಲಿದೆ. ಅಂಗಡಿಯಲ್ಲಿ ಹಾಕಿ ತೋರಿಸಿ ಅಂದಾಗ ಈ ಎರಡನ್ನೇ ಕೇಳಿ; ಇವು ಚೊಕ್ಕವಾಗಿದ್ದರೆ ಮಿಕ್ಕ ಹತ್ತೂ ಬಹುತೇಕ ಚೊಕ್ಕ. ಬೆನೆಟ್ ತಟ್ಟೆಯಲ್ಲಿ ಇದೇ ಪರೀಕ್ಷೆಗೆ ‘ಸಾಂಬಾ ದಿ ಓರ್ಫೆಯು’ ಮತ್ತು ‘ದಿ ಟ್ರಾಲಿ ಸಾಂಗ್’ ಇವೆ, ಎರಡೂ ಪುಟದ ಕೊನೆಯವು. ಸಾಮಾನ್ಯ ಮ್ಯಾಗ್ನೆಟ್ ಕಾರ್ಟ್ರಿಡ್ಜ್‌ಗೆ (ಮುಳ್ಳು ಕೂರುವ ಭಾಗ) ಮುಳ್ಳಿನ ಭಾರ 1.5ರಿಂದ 2 ಗ್ರಾಂ ಇರಲಿ. ತೀರಾ ಕಡಿಮೆ ಮಾಡಿದರೆ ತಟ್ಟೆ ಉಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹಗುರವಾದ ಮುಳ್ಳು ಗೀರಿನಲ್ಲಿ ಕುಣಿದು ಗೋಡೆಗೆ ಬಡಿದು ಇನ್ನೂ ಹೆಚ್ಚು ಹಾಳು ಮಾಡುತ್ತದೆ.

ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ತಟ್ಟೆಗಳ ಜೊತೆ ಅಲ್ಲಿನ ಹಳೆಯ ಟರ್ನ್‌ಟೇಬಲನ್ನೂ ಹೊತ್ತು ತರುವುದುಂಟು. ಅಲ್ಲಿನ ಕರೆಂಟು 120 ವೋಲ್ಟ್, 60 ಹರ್ಟ್ಸ್. ಇಲ್ಲಿಯದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಎಸಿ ಸಿಂಕ್ರೊನಸ್ ಮೋಟಾರಿನ ವೇಗ ಹರ್ಟ್ಸ್‌ಗೆ ಕಟ್ಟಿಬಿದ್ದದ್ದು. ಹಾಗಾಗಿ 33⅓ ಸುತ್ತುವ ತಟ್ಟೆ ಸುಮಾರು 27.8ಕ್ಕೆ ಇಳಿಯುತ್ತದೆ, ಶ್ರುತಿ ಸರಿಸುಮಾರು ಮೂರು ಸ್ವರಸ್ಥಾನ ಕೆಳಗೆ ಹೋಗುತ್ತದೆ, ಟೆನರ್ ವಿಲಿಯಮ್ಸ್ ಮಂದ್ರದ ಮುದುಕನಂತೆ ಕೇಳಿಸುತ್ತಾರೆ. ಗಡಿಯಾರ ಹಿಡಿದು ನೋಡಿ: ಸುಮಾರು 2 ನಿಮಿಷ 45 ಸೆಕೆಂಡಿನ ‘ಮೂನ್ ರಿವರ್’ 3 ನಿಮಿಷ 18 ಸೆಕೆಂಡು ಓಡಿದರೆ ಕಾಯಿಲೆ ಇದೇ. ಮದ್ದು, ಆ ಮಾದರಿಗೆ 50 ಹರ್ಟ್ಸ್‌ನ ಮೋಟಾರ್ ಪುಲ್ಲಿ ಸಿಕ್ಕರೆ ಹಾಕಿಸುವುದು. ಡಿಸಿ ಮೋಟಾರಿನ ಅಥವಾ ಕ್ವಾರ್ಟ್ಜ್ ನಿಯಂತ್ರಣದ ಯಂತ್ರವಾದರೆ ಈ ಕಷ್ಟವೇ ಇಲ್ಲ, ವೋಲ್ಟೇಜ್ ಸರಿಯಿದ್ದರೆ ಸಾಕು.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಇನ್ನೊಂದು ಶತ್ರು ಬೂಷ್ಟು. ತಟ್ಟೆಗೆ ಅದು ಹತ್ತುವುದು ಹೆಚ್ಚಾಗಿ ಕಾಗದದ ಒಳಚೀಲದಿಂದ. ಮಳೆಗಾಲಕ್ಕೆ ಮುಂಚೆ ಒಳಚೀಲ ಬದಲಿಸಿ ಪಾಲಿಥೀನ್ ಪದರದ್ದು ಹಾಕಿ, ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ಗೋಡೆಗೆ ತಾಗದಂತಿಡಿ. ಬಿಳಿ ಚುಕ್ಕೆ ಕಂಡರೆ ಡಿಸ್ಟಿಲ್ಡ್ ನೀರು, ಲೀಟರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ, ಮೈಕ್ರೋಫೈಬರ್ ಬಟ್ಟೆ. ಗೀರಿನ ದಿಕ್ಕಿನಲ್ಲೇ ಒರೆಸಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೊಮ್ಮೆ ಒರೆಸಿ, ನೆರಳಲ್ಲಿ ಒಣಗಿಸಿ. ನಲ್ಲಿ ಅಥವಾ ಬೋರ್‌ವೆಲ್ ನೀರು ಬೇಡ. ಅದರ ಸುಣ್ಣ ಗೀರಿನಲ್ಲೇ ಕೂತು ಹೊಸ ಗರಗರ ತರುತ್ತದೆ.

ಹೆಸರು ನೋಡಿ ಏಮಾರಬೇಡಿ

ವಿಲಿಯಮ್ಸ್ ಇಷ್ಟವಾಗಿ ಇನ್ನೂ ಬೇಕು ಅನ್ನುವವರು ಸಾಮಾನ್ಯವಾಗಿ ಎತ್ತಿಕೊಳ್ಳುವುದು 1963ರ ‘ಡೇಸ್ ಆಫ್ ವೈನ್ ಅಂಡ್ ರೋಸಸ್’. ಅದರ ಪೂರ್ತಿ ಹೆಸರಿನಲ್ಲಿ ‘ಅಂಡ್ ಅದರ್ ಟಿವಿ ರಿಕ್ವೆಸ್ಟ್ಸ್’ ಎಂಬ ಬಾಲವಿದೆ, ಅದನ್ನು ಓದಿಕೊಳ್ಳಿ. ಅವರ ದೂರದರ್ಶನ ಕಾರ್ಯಕ್ರಮದ ವೀಕ್ಷಕರು ಮೆಚ್ಚಿದ ಹಾಡುಗಳ ಆಲ್ಬಮ್ ಅದು, ಸಿನಿಮಾ ಆಲ್ಬಮ್ ಅಲ್ಲ. ಬಿಲ್‌ಬೋರ್ಡ್‌ನಲ್ಲಿ ಒಂದನೇ ಸ್ಥಾನ ಮುಟ್ಟಿದ ಒಳ್ಳೆಯ ಆಲ್ಬಮ್ ನಿಜ, ಆದರೆ ಬಯಸಿದ್ದು ಬೇರೆಯಾದರೆ ನಿರಾಸೆ. 1971ರ ‘ಲವ್ ಸ್ಟೋರಿ’, 1972ರ ‘ಲವ್ ಥೀಮ್ ಫ್ರಮ್ ದ ಗಾಡ್‌ಫಾದರ್’ ಕೂಡ ಹಾಗೆಯೇ. ಶೀರ್ಷಿಕೆ ಗೀತೆ ಚಿತ್ರದ್ದು, ಉಳಿದವುಗಳಲ್ಲಿ ಹೆಚ್ಚಿನವು ಆ ಕಾಲದ ಪಾಪ್ ಹಾಡುಗಳು. ಆ ಎರಡು ಶೀರ್ಷಿಕೆ ಗೀತೆಗಳಷ್ಟೇ ಸಾಕಾದರೆ ಬಿಡಿ ಹಾಡುಗಳಾಗಿ ತೆಗೆದುಕೊಳ್ಳಿ, ಎಲ್‌ಪಿಗೆ ದುಡ್ಡು ಹಾಕಬೇಡಿ. ಆ ದುಡ್ಡಿಗೆ ಬೆನೆಟ್ ಅವರ ‘ಸಿಎಸ್ 9272’ ಹುಡುಕುವುದು ಮೇಲು. ವಿಲಿಯಮ್ಸ್ ಆಲ್ಬಮ್ ಆಗ ವಿಪರೀತ ಮಾರಾಟವಾದ್ದರಿಂದ ಅಮೆರಿಕದಲ್ಲಿ ಅಗ್ಗಕ್ಕೆ ಸಿಗುತ್ತದೆ, ಅಂಚೆ ಖರ್ಚೇ ತಟ್ಟೆಯ ಬೆಲೆ ಮೀರಬಹುದು. ತರಿಸುವುದಿದ್ದರೆ ಎರಡನ್ನೂ ಒಂದೇ ಪೊಟ್ಟಣದಲ್ಲಿ ತರಿಸಿ, ಮುಂದಿನ ತಟ್ಟೆಗೆ ಅಂಚೆ ಖರ್ಚು ಏರುವುದು ಸ್ವಲ್ಪವೇ. ತಟ್ಟೆಯನ್ನು ಹೊದಿಕೆಯಿಂದ ಹೊರತೆಗೆದು ಅದರ ಹಿಂದೆ ಬೇರೆಯಾಗಿ ಇಟ್ಟು ಕಳಿಸುವಂತೆ ಮಾರುವವರಿಗೆ ಬರೆಯಿರಿ. ಒಳಗೇ ಇಟ್ಟು ಕಳಿಸಿದರೆ ದಾರಿಯ ಕುಲುಕಾಟಕ್ಕೆ ತಟ್ಟೆಯ ಅಂಚು ಹೊದಿಕೆಯ ಮೇಲಂಚನ್ನು ಸೀಳಿಬಿಡುತ್ತದೆ.